ನಾಲಿಗೆಗೆ ಅಂಟದ ಬಿಳುಪು

ಡೆಟ್ರಾಯಿಟ್, ಮಿಷಿಗನ್
೧೪ ಸೆಪ್ಟೆಂಬರ್ ೧೯೭೦

ಅಮ್ಮನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಇವತ್ತು ಜೋನೆಲ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಬೆರಳು ಚುಚ್ಚಿ ರಕ್ತ ತೆಗೆದು ಒಳಗೆ ಕಳಿಸಿದರು. ಚೀಟಿ ವಾಪಸು ಬಂದ ಮೇಲೆ ಅದನ್ನು ಎರಡು ಸಲ ಓದಿ, ಈ ಮಗುವಿನ ಮೈಯಲ್ಲಿ ಇರಬೇಕಾದದ್ದರ ಅರ್ಧದಷ್ಟೇ ರಕ್ತದಂಶ ಇದೆ ಅಂದರು. ಅರ್ಧ, ಅಮ್ಮ! ಒಂದೂವರೆ ವರ್ಷದ ಕೂಸು. ನಾನು ಬರೀ ಅವಳಿಗೆ ಹಸಿವು ಕಡಿಮೆ ಅಂದುಕೊಂಡಿದ್ದೆ.

ಆಮೇಲೆ ಕೇಳಿದರು, "ನಿಮ್ಮದು ಯಾವೂರು?"

"ಜಾರ್ಜಿಯಾ."

"ಜಾರ್ಜಿಯಾದಲ್ಲಿ ಎಲ್ಲಿ?"

ಸ್ಯಾಂಡರ್ಸ್‌ವಿಲ್ ಹತ್ತಿರ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಸುತ್ತಿ ಬಳಸಿ ಮಾತಾಡೋದು ಬೇಡ. ಆ ಕಡೆಯವರು ಬಿಳಿ ಮಣ್ಣು ತಿನ್ನೋದು ನಂಗೆ ಗೊತ್ತು. ಮಗುನೂ ತಿನ್ನುತ್ತಾ?"

ಇಲ್ಲ ಅಂದೆ. ಡಿಗ್ರಿ ಮಾಡಿದವಳು, ಪರರ ಮಕ್ಕಳಿಗೆ ಪಾಠ ಹೇಳುವವಳು, ಆ ಕುರ್ಚಿಯಲ್ಲಿ ಕೂತು ಹಸೀ ಸುಳ್ಳು ಹೇಳಿದೆ. ಇವಳು ಹೊಟ್ಟೆಯಲ್ಲಿದ್ದಾಗ ನೀನು ಕಳಿಸಿದ ಮಣ್ಣು ತಿನ್ನುವುದನ್ನು ನಾನು ಒಂದು ದಿನವೂ ಬಿಟ್ಟಿಲ್ಲ. ಈಗಲೂ ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ನಿನ್ನ ಕಂದು ಕಾಗದದ ಚೀಲ ಇದೆ. ಹೋದ ತಿಂಗಳು ಜೋನೆಲ್ ಅಲ್ಲಿಗೆ ನಡೆದುಕೊಂಡು ಹೋಗಿ ಒಂದು ಹೆಂಟೆ ಬಾಯಿಗೆ ಹಾಕಿಕೊಂಡಿದ್ದಳು. ಕ್ಯಾಲಿ ಅತ್ತೆ (ರೂಫಸ್‌ನ ಸೋದರತ್ತೆ, ನಾನು ಶಾಲೆಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು, ಅವರನ್ನು ನೀನು ಮದುವೆಯಲ್ಲಿ ನೋಡಿದ್ದೀಯ) ಬಿದ್ದು ಬಿದ್ದು ನಕ್ಕರು. "ಇಲ್ನೋಡೇ ನಿನ್ನ ಮಗಳ ಬಾಯಿ! ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಾದ್ರೂ ನಾಲಿಗೆ ಮಾತ್ರ ನಮ್ಮ ಕಡೇದೇ!" ನಾನೂ ನಕ್ಕೆ.

ಅದರಿಂದ ಹೀಗಾಗುತ್ತಾ ಅಮ್ಮ? ಊರಲ್ಲಿ ಯಾರ ಮಗುವಿಗಾದರೂ ಹೀಗಾಗಿದ್ದು ನೆನಪಿದೆಯಾ? ಬೇಗ ಬರೆ. ನಿನ್ನ ಉತ್ತರ ಬರುವ ತನಕ ನನಗೆ ನಿದ್ದೆ ಇಲ್ಲ.

ನಿನ್ನ
ಅರ್ನೆಟಾ


ಸ್ಯಾಂಡರ್ಸ್‌ವಿಲ್ ಹತ್ತಿರ, ಜಾರ್ಜಿಯಾ
೨೩ ಸೆಪ್ಟೆಂಬರ್ ೧೯೭೦

ಮಗಳೇ,

ನಿನ್ನ ಕಾಗದ ಬಂದಾಗ ಅಲಸಂದೆ ಕಾಯಿ ಸುಲಿಯುತ್ತಾ ಕೂತಿದ್ದೆ. ಓದಿದ ಮೇಲೆ ಬುಟ್ಟಿಯನ್ನು ಹಾಗೇ ಕೆಳಗಿಟ್ಟುಬಿಟ್ಟೆ. ಕೂಸಿಗೆ ಕುರಿಯ ಈಲಿ, ಅದೇ ಲಿವರು, ಬೇಯಿಸಿ ಕೊಡು, ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡ, ಅದನ್ನೇ ಕುಡಿಸು. ಕಬ್ಬಿನ ಕಾಕಂಬಿಯನ್ನು ಒಂದು ಚಮಚ ಗಂಜಿಗೆ ಹಾಕು.

ಮಣ್ಣಿನ ವಿಷಯ ಕೇಳಿದೆ. ನಮ್ಮಮ್ಮ ತಿಂದಳು, ನಾನು ತಿಂದೆ, ನೀನು ಹೊಟ್ಟೆಯಲ್ಲಿದ್ದಾಗಲೂ ತಿಂದೆ. ನೀನೇನು ದಡ್ಡಿಯಾಗಿ ಹುಟ್ಟಿದೆಯಾ? ಚರ್ಚಿನಲ್ಲಿ ಪಾದ್ರಿಯ ಹೆಂಡತಿ ಕೂಡ ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಿರುತ್ತಾಳೆ, ಪ್ರವಚನ ಉದ್ದವಾದರೆ ಕಟುಕ್ ಅಂತ ಸದ್ದು ಕೇಳಿಸುತ್ತೆ. ಮಳೆ ಬಿದ್ದ ಮಾರನೇ ದಿನ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಹೋಗಿ, ಮೇಲಿನ ಕೆಂಪು ಕೆರೆದು ಹಾಕಿ, ಮರಳು ಇಲ್ಲದ ಕಡೆ ನೋಡಿ ತೆಗೆಯುತ್ತೇನೆ. ಒಲೆಯಲ್ಲಿ ಚಿಟಿಕೆ ಉಪ್ಪು ಹಾಕಿ ಸುಟ್ಟೇ ನಿನಗೆ ಕಳಿಸುವುದು. ಬೇರೆಯವರು ಕಳಿಸುವ ಹಾಗೆ ಹಸಿಯದ್ದನ್ನು ಅಲ್ಲ.

ಗಣಿ ಕಂಪನಿಯವರು ಅದೇ ಮಣ್ಣನ್ನು ರೈಲುಗಟ್ಟಲೆ ಒಯ್ಯುತ್ತಾರಲ್ಲ, ಎಲ್ಲಿಗೆ ಹೋಗುತ್ತೆ? ನೀನು ಓದುವ ಮಿರಿಮಿರಿ ಪತ್ರಿಕೆಯ ಕಾಗದದ ಮೇಲೆ ಅದೇ ಇದೆ. ಪಿಂಗಾಣಿ ತಟ್ಟೆ ಅದೇ. ಹೊಟ್ಟೆ ಕೆಟ್ಟರೆ ಆ ಡಾಕ್ಟರೇ ಬರೆದುಕೊಡುವ ಬಿಳೀ ಔಷಧದಲ್ಲೂ ಅದೇ. ಬಾಟಲಿಯಲ್ಲಿ ಹಾಕಿ ಚೀಟಿ ಅಂಟಿಸಿದರೆ ಔಷಧ, ಅಮ್ಮ ಕಳಿಸಿದರೆ ಹೊಲಸು!

ಆದರೂ ಕೂಸಿಗೆ ಕೊಡಬೇಡ. ಅಷ್ಟು ಎಳೆಯ ಮಕ್ಕಳಿಗೆ ನಾವೂ ಕೊಟ್ಟವರಲ್ಲ. ಚೀಲ ಮೇಲಿಡು.

ಇಂತಿ,
ಅಮ್ಮ


ಡೆಟ್ರಾಯಿಟ್
೧೧ ಅಕ್ಟೋಬರ್ ೧೯೭೦

ಅಮ್ಮ,

ನಿನ್ನ ತಮಾಷೆಗೆ ನಗು ಬರಲಿಲ್ಲ.

ಶನಿವಾರ ಲೈಬ್ರರಿಗೆ ಹೋಗಿ ಕೂತಿದ್ದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ ಮರೆತದ್ದನ್ನೆಲ್ಲ ಮತ್ತೆ ಓದಿದೆ. ನಮ್ಮೂರಿನ ಬಿಳುಪು ಒಂದು ಕಾಲಕ್ಕೆ ಗ್ರಾನೈಟ್ ಕಲ್ಲಿನೊಳಗಿನ ಹರಳು. ಬೆಟ್ಟದ ಕಲ್ಲು ಬಿಸಿಲಿಗೆ, ಮಳೆಗೆ ಕೊಳೆಯಿತು. ಕರಗುವ ಉಪ್ಪುಗಳನ್ನೆಲ್ಲ ನೀರು ಹೊತ್ತುಕೊಂಡು ಹೋಯಿತು. ಉಳಿದ ಪುಡಿಯನ್ನು ಹೊಳೆಗಳು ತಂದು ಆಗಿನ ಸಮುದ್ರದ ದಡದಲ್ಲಿ, ಅಂದರೆ ನೀನು ಈಗ ಅಲಸಂದೆ ಬೆಳೆಯುವ ಜಾಗದಲ್ಲಿ, ಹಾಸಿದವು. ಆ ಪುಡಿಯ ಒಂದೊಂದು ಕಣವೂ ಪುಸ್ತಕ ಇದ್ದ ಹಾಗೆ, ಹಾಳೆಯ ಮೇಲೆ ಹಾಳೆ. ಅದಕ್ಕೇ ಅಷ್ಟು ನುಣುಪು. ಆ ಹಾಳೆಗಳು ಹತ್ತಿರ ಬಂದದ್ದನ್ನೆಲ್ಲ ಹಿಡಿದುಕೊಳ್ಳುತ್ತವೆ. ಹೊಟ್ಟೆ ಕೆಟ್ಟವರಿಗೆ ಅದೇ ಒಳ್ಳೆಯದು. ಊಟದಲ್ಲಿರುವ ಕಬ್ಬಿಣದಂಶವನ್ನೂ ಹಾಗೇ ಹಿಡಿದುಕೊಂಡು ಹೊರಗೆ ಹೋಗುತ್ತವೆ ಅಂತ ಒಬ್ಬರು ಬರೆದಿದ್ದಾರೆ.

ಅರ್ಥವಾಯಿತಾ? ನೀನು ಕಳಿಸಿದ್ದನ್ನು ನಾನು ತಿಂದೆ. ಅದು ನನ್ನ ರಕ್ತದ ಪಾಲನ್ನು ತಿಂದಿತು. ಹುಟ್ಟುವಾಗಲೇ ಇವಳ ಕೈಗೆ ಖಾಲಿ ಬಟ್ಟಲು ಕೊಟ್ಟೆ. ಆಮೇಲೆ ಇವಳೂ ಅದನ್ನೇ ನೆಕ್ಕಿದಳು, ನಾವು ಕೂತು ನಕ್ಕೆವು.

ಡಾಕ್ಟರ ಹತ್ತಿರ ಹೋಗಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. "ಗೊತ್ತಿತ್ತು" ಅಂದರು. ಬಾಯಿಗೆ ಹಾಕಲು ಕಬ್ಬಿಣದಂಶದ ಹನಿ ಮದ್ದು ಕೊಟ್ಟಿದ್ದಾರೆ. ಮನೆಗೆ ಬಂದು ಚೀಲವನ್ನು ಹಿಂದಿನ ಓಣಿಯ ಕಸದ ಡಬ್ಬಿಗೆ ಸುರಿದೆ. ಜೋನೆಲ್ ಗೂಡಿನ ಬಾಗಿಲು ತೆಗೆದು ಖಾಲಿ ಜಾಗವನ್ನು ಕೈಯಿಂದ ತಡವಿ ತಡವಿ ಅತ್ತಳು. ನಾನೂ ಅತ್ತೆ, ಯಾಕೆಂದರೆ ನನಗೂ ಬೇಕಾಗಿತ್ತು.

ಇನ್ನು ಕಳಿಸಬೇಡ. ಕಳಿಸಿದರೆ ಒಡೆಯದೆ ವಾಪಸು ಮಾಡುತ್ತೇನೆ.

ಅರ್ನೆಟಾ


ಡೆಟ್ರಾಯಿಟ್
೨೯ ನವೆಂಬರ್ ೧೯೭೦

ಅಮ್ಮ,

ನೀನು ಬರೆದಿಲ್ಲ. ನಾನೂ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇದನ್ನು ಕೇಳಲೇಬೇಕು, ನೀನು ನಿಜ ಹೇಳಬೇಕು.

ಹನಿ ತಪ್ಪದೆ ಹಾಕುತ್ತಿದ್ದೇನೆ. ಈಲಿ, ಸೊಪ್ಪು, ಕಾಕಂಬಿ, ನೀನು ಹೇಳಿದ್ದೆಲ್ಲ ಕೊಟ್ಟೆ. ಮಗು ಮೈ ತುಂಬುವ ಬದಲು ಸೊರಗುತ್ತಿದೆ. ತಿಂದದ್ದು ವಾಂತಿ. ಹೊಟ್ಟೆ ಕಲ್ಲಾಗಿದೆ, ಮುಟ್ಟಿದರೆ ಕಿರುಚುತ್ತಾಳೆ. ಎಲ್ಲಕ್ಕಿಂತ ನನ್ನ ಎದೆ ಒಡೆಯುವುದು ಬೇರೆ. ಬೇಸಿಗೆಯಲ್ಲಿ "ಶೂ" ಅನ್ನುತ್ತಿದ್ದಳು, "ಬಸ್ಸು" ಅನ್ನುತ್ತಿದ್ದಳು, ಅಪ್ಪ ಬಂದರೆ "ರೂಫ" ಅಂತ ಹೆಸರು ಹಿಡಿದೇ ಕೂಗುತ್ತಿದ್ದಳು. ಈಗ ಒಂದೂ ಇಲ್ಲ. ಶೂ ಕೈಗೆ ಕೊಟ್ಟು ಇದೇನು ಅಂದರೆ ಅದನ್ನು ನೋಡಿ, ನನ್ನನ್ನು ನೋಡಿ, ಸುಮ್ಮನಾಗುತ್ತಾಳೆ. ಮಕ್ಕಳು ಕಲಿತ ಮಾತನ್ನು ಮರೆಯುತ್ತಾರಾ?

ಡಾಕ್ಟರಿಗೆ ಹೇಳಿದರೆ, "ಇನ್ನೂ ಎಲ್ಲೋ ಮಣ್ಣು ಸಿಗ್ತಾ ಇದೆ ಅವಳಿಗೆ. ಮನೆಯವರನ್ನ ಕೇಳಿ" ಅಂದರು. ಬಂದವಳೇ ಕ್ಯಾಲಿ ಅತ್ತೆಯನ್ನು ಕೇಳಿದೆ.

"ನಾನ್ಯಾಕೆ ಕೊಡ್ಲಿ? ಆದ್ರೆ ಬಾಯಿ ಬಿಳಿಯಾಗಿರೋದನ್ನ ನೋಡಿದೀನಪ್ಪ. ನಿಮ್ಮಮ್ಮ ಕಳಿಸಿದ್ದು ಎಲ್ಲೋ ಮೂಲೆಯಲ್ಲಿ ಉಳಿದಿರ್ಬೇಕು. ಒರೆಸಿ ಬಿಡ್ತೀನಿ."

"ಎಲ್ಲಾ ಎಸೆದಿದ್ದೀನಿ ಅತ್ತೆ!"

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯ? ನಿಮ್ಮಮ್ಮನ್ನ ಕೇಳು."

ಕೇಳುತ್ತಿದ್ದೇನೆ. ನನಗೆ ತಿಳಿಯದಂತೆ ನೀನು ಕ್ಯಾಲಿ ಅತ್ತೆಯ ಮನೆ ವಿಳಾಸಕ್ಕೆ ಕಳಿಸುತ್ತಿದ್ದೀಯಾ? ನೀವಿಬ್ಬರೂ ಸೇರಿ ಓದಿದ ಹುಡುಗಿಗೆ ಬುದ್ಧಿ ಕಲಿಸುತ್ತಿದ್ದೀರಾ? ಹಾಗಿದ್ದರೆ, ಅಮ್ಮ, ಈ ಮಗುವಿಗೆ ಏನಾದರೂ ಆದರೆ ನಿನ್ನ ಮುಖ ನೋಡುವುದಿಲ್ಲ.

ಅರ್ನೆಟಾ


ಸ್ಯಾಂಡರ್ಸ್‌ವಿಲ್ ಹತ್ತಿರ
೯ ಡಿಸೆಂಬರ್ ೧೯೭೦

ಅರ್ನೆಟಾ,

ನೀನು ಬೇಡ ಅಂದ ಮೇಲೆ ನಾನು ಒಂದು ಹೆಂಟೆಯನ್ನೂ ಅಂಚೆಗೆ ಹಾಕಿಲ್ಲ. ಕ್ಯಾಲಿಗೂ ಇಲ್ಲ, ಯಾರಿಗೂ ಇಲ್ಲ. ನಿಮ್ಮಪ್ಪ ಮಲಗಿರುವ ಜಾಗದ ಆಣೆ.

ನಿನ್ನ ಕೊನೆಯ ಸಾಲಿನ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಒಂದು ಮಾತು ಮಾತ್ರ. ನಿನ್ನ ಮನೆಯಲ್ಲಿ ಮಣ್ಣಿಲ್ಲ, ಕ್ಯಾಲಿ ಕೊಟ್ಟಿಲ್ಲ, ನಾನು ಕಳಿಸಿಲ್ಲ. ಹಾಗಾದರೆ ಆ ಕೂಸಿನ ಬಾಯಲ್ಲಿರುವ ಬಿಳಿ ಏನು?

ಅಮ್ಮ


ಡೆಟ್ರಾಯಿಟ್
೮ ಜನವರಿ ೧೯೭೧

ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ಜೋನೆಲ್ ಬದುಕಿದ್ದಾಳೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನ ಪತ್ರ ಕ್ರಿಸ್‌ಮಸ್‌ಗೆ ಮುಂಚೆಯೇ ಬಂದಿತ್ತು. ಒಡೆಯಲಿಲ್ಲ. ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದೆ. ಸೋಮವಾರ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟರು. ಅವತ್ತು ಹಗಲೆಲ್ಲ ಮನೆಯಲ್ಲಿ ನಾನು, ಮಗು ಇಬ್ಬರೇ. ಗಂಜಿ ತಿನ್ನಿಸಿ, ಬಟ್ಟೆ ಒಗೆದು ಹಾಕಿ, ಮನಸ್ಸು ಗಟ್ಟಿ ಮಾಡಿಕೊಂಡು ಪತ್ರ ಒಡೆದೆ. ನಿನ್ನ ಕೊನೆಯ ಸಾಲು ಓದಿ ತಲೆ ಎತ್ತಿದೆ. ಜೋನೆಲ್ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಹತ್ತಿ ನಿಂತು ಹಿಮ ನೋಡುತ್ತಿದ್ದಳು. ಬೆನ್ನು ನನ್ನ ಕಡೆ. ತಿರುಗಿದಳು. ಕೆಳತುಟಿಯ ಮೇಲೆ ಬಿಳಿ ಚೂರು.

ಹೋಗಿ ಆ ಚೂರನ್ನು ಬೆರಳಿಂದ ತೆಗೆದೆ. ಯಾಕೆ ಹಾಗೆ ಮಾಡಿದೆನೋ, ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡೆ. ನಮ್ಮ ಮಣ್ಣು ಹೇಗೆ ನಾಲಿಗೆಯ ಪಸೆಯನ್ನೆಲ್ಲ ಹೀರಿ ಗಪ್ಪನೆ ಕಚ್ಚಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ, ನಿನಗೆ ಗೊತ್ತಲ್ಲ. ಇದು ಕಚ್ಚಿಕೊಳ್ಳಲಿಲ್ಲ. ಕತ್ತರಿಸಿದ ಉಗುರಿನ ಹಾಗೆ ಸುಮ್ಮನೆ ಬಿದ್ದಿತ್ತು. ಆಮೇಲೆ ಸಿಹಿಯಾಯಿತು. ಸಿಹಿ, ಅಮ್ಮ!

ಕಿಟಕಿಯ ಪರದೆ ಸರಿಸಿದೆ. ಕಿಟಕಿಯ ಕೆಳಹಲಗೆಯ ಉದ್ದಕ್ಕೂ, ಅವಳ ಬಾಯಿಗೆ ಎಟಕುವಷ್ಟು ಎತ್ತರದಲ್ಲಿ, ಬಿಳಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಅಂಚಿನಲ್ಲೆಲ್ಲ ಹಲ್ಲಿನ ಗುರುತು. ಎರಡು ಮೇಲೆ, ಎರಡು ಕೆಳಗೆ, ಮತ್ತೆ ಎರಡು ಮೇಲೆ. ಜೋಳದ ತೆನೆ ಕಚ್ಚಿದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

ಆ ಹಳೆಯ ಬಣ್ಣದ ತುಂಬ ಸೀಸ, ಆ ಸಿಹಿ ಅದರದೇ, ಮೈಗೆ ವಿಷ. ರೂಫಸ್ ಕಾರು ತರುವಷ್ಟರಲ್ಲಿ ಅವಳ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಹಿಮದ ರಸ್ತೆ. ಹಿಂದಿನ ಸೀಟಿನಲ್ಲಿ ಅವಳ ಹಲ್ಲುಗಳ ನಡುವೆ ನನ್ನ ಕೈಗವಸಿನ ಬೆರಳು. ಅದನ್ನು ಬರೆಯಲಾರೆ.

ಆಸ್ಪತ್ರೆಯಲ್ಲಿ ಬೇರೆ ಡಾಕ್ಟರು, ಒಬ್ಬ ಹೆಂಗಸು. ಎಕ್ಸರೇ ತೆಗೆದು ಬೆಳಕಿಗೆ ಹಿಡಿದರು. ಹೊಟ್ಟೆಯಲ್ಲಿ ಉದುರಿದ ಅಕ್ಕಿಯಂತೆ ಬಿಳಿ ಬಿಳಿ ಚುಕ್ಕೆ. "ಇದು ಮಣ್ಣಲ್ಲ ಕಣಮ್ಮ, ಮಣ್ಣು ಹೀಗೆ ಹೊಳೆಯಲ್ಲ" ಅಂದರು. ಮೊಣಕಾಲಿನ ಎಲುಬಿನ ತುದಿಯಲ್ಲಿ ಬಿಳಿ ಗೆರೆ. "ಎಲುಬು ಬೆಳೀವಾಗ ಸೀಸ ಇಲ್ಲಿ ಕೂತ್ಕೊಳ್ಳುತ್ತೆ. ಈ ತೆಳು ಭಾಗ ಹಳೇದು, ಬೇಸಿಗೇದು ಇರಬಹುದು. ಈ ದಪ್ಪ ಪಟ್ಟಿ ನೋಡಿ, ಇದು ಈಚಿನ ಎರಡು ಮೂರು ತಿಂಗಳದ್ದು. ಅಕ್ಟೋಬರ್ ಹೊತ್ತಿಗೆ ಇದ್ದಕ್ಕಿದ್ದಂತೆ ಜಾಸ್ತಿ ತಿನ್ನೋಕೆ ಶುರು ಮಾಡಿದ್ದಾಳೆ. ಮನೇಲಿ ಆಗ ಏನಾದ್ರೂ ಬದಲಾಯ್ತಾ?"

ಅಕ್ಟೋಬರ್‌ನಲ್ಲಿ ನಾನು ಕಸದ ಡಬ್ಬಿಗೆ ಏನು ಸುರಿದೆ ಎಂದು ನಿನಗೆ ಗೊತ್ತು.

ತೊಡೆಗೆ ದಿನಕ್ಕೆ ಹಲವು ಸಲ ಚುಚ್ಚುತ್ತಾರೆ. ಆ ಮದ್ದು ಸೀಸವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದಂತೆ. ಅವಳು ಅಳುವುದನ್ನೂ ಬಿಟ್ಟಿದ್ದಾಳೆ. ಸೂಜಿ ಕಂಡರೆ ಕಾಲು ತಾನೇ ಗಟ್ಟಿಯಾಗುತ್ತದೆ, ಅಷ್ಟೆ.

ಕ್ಯಾಲಿ ಅತ್ತೆ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ. ಕೋಟು ಬಿಚ್ಚಿಲ್ಲ, ನೀರು ಮುಟ್ಟಿಲ್ಲ. "ದಿನಾ ನೋಡ್ತಿದ್ದೆ ಕಣೇ," ಒಂದೇ ಸಮನೆ ಹೇಳುತ್ತಾರೆ. "ಬೇರೆ ಯಾವ ಬಣ್ಣ ಇದ್ರೂ ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ. ಬಿಳಿ ಇತ್ತಲ್ಲೇ. ಬಿಳಿ ಕಂಡ್ರೆ ನಾವು ಯಾವತ್ತು ಹೆದರಿದೀವಿ?"

ಅರ್ನೆಟಾ


ಸ್ಯಾಂಡರ್ಸ್‌ವಿಲ್ ಹತ್ತಿರ
೧೫ ಜನವರಿ ೧೯೭೧

ಮಗಳೇ,

ಕ್ಯಾಲಿ ಬೇಸಿಗೆಯಲ್ಲಿ ನನಗೊಂದು ಕಾರ್ಡು ಬರೆದಿದ್ದಳು, ನಿನ್ನ ಮೊಮ್ಮಗಳ ಬಾಯಿ ಯಾವಾಗಲೂ ಬಿಳಿ ಅಂತ. ಅದನ್ನು ಚರ್ಚಿನಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ನಾವೆಲ್ಲ ಚಪ್ಪಾಳೆ ತಟ್ಟಿ ನಕ್ಕೆವು.

ನಾನು ಅಡುಗೆ ಕೆಲಸ ಮಾಡುವ ಶಾಲೆಯಲ್ಲಿ ರಜೆ ಕೇಳಿದೆ. ಕೊಡುವುದಿಲ್ಲ ಅಂದರು. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಬಂದಿದ್ದೇನೆ. ಮಂಗಳವಾರದ ಬಸ್ಸು. ಯಾರೂ ನಿಲ್ದಾಣಕ್ಕೆ ಬರುವುದು ಬೇಡ, ನೀನು ಕೂಸಿನ ಹತ್ತಿರವೇ ಇರು.

ಅಮ್ಮ


ಡೆಟ್ರಾಯಿಟ್
೨೧ ಮಾರ್ಚ್ ೧೯೭೧

ಅಮ್ಮ,

ನೀನು ಹೋದ ಮೇಲೆ ಮನೆ ದೊಡ್ಡದಾಗಿದೆ. ನೀನಿದ್ದಷ್ಟು ದಿನ ನಾವಿಬ್ಬರೂ ಬಟ್ಟೆ ಮಡಿಸುತ್ತಾ, ಗಂಜಿ ಆರಿಸುತ್ತಾ, ಎಲ್ಲ ಮಾತಾಡಿದೆವು, ನಾನು ನವೆಂಬರ್‌ನಲ್ಲಿ ಬರೆದ ಆ ಒಂದು ಸಾಲನ್ನು ಬಿಟ್ಟು. ನೀನು ಬಸ್ಸು ಹತ್ತುವಾಗ ಹೇಳೋಣ ಅಂದುಕೊಂಡೆ. ನೀನು ನನ್ನ ಕೋಟಿನ ಗುಂಡಿ ಹಾಕಿ, "ಗಾಳಿ ಇದೆ, ಒಳಗೆ ಹೋಗು" ಅಂದುಬಿಟ್ಟೆ.

ಜೋನೆಲ್‌ಳ ರಕ್ತದಲ್ಲಿ ಸೀಸ ಇಳಿದಿದೆ. ಓಡಾಡುತ್ತಾಳೆ, ನಗುತ್ತಾಳೆ. ಮಾತು ಇನ್ನೂ ಬಂದಿಲ್ಲ. ಬರುತ್ತಾ ಅಂತ ಕೇಳಿದರೆ ಡಾಕ್ಟರಮ್ಮ, "ಬರಬಹುದು. ಎಷ್ಟು ಬರುತ್ತೆ ಅನ್ನೋದನ್ನ ಅವಳು ಶಾಲೆಗೆ ಹೋಗೋ ತನಕ ಯಾರೂ ಹೇಳೋಕಾಗಲ್ಲ" ಅಂದರು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಆ ಮಾತಿನ ತೂಕ ನನಗೆ ಗೊತ್ತು. ರೂಫಸ್ ಕಿಟಕಿಗಳಿಗೆಲ್ಲ ತಗಡು ಹೊಡೆದಿದ್ದಾನೆ. ಬಾಡಿಗೆ ಮನೆಯ ಮಾಲೀಕ, ಬಣ್ಣ ತಿನ್ನುವ ಮಕ್ಕಳನ್ನು ಸಾಕಿಕೊಂಡದ್ದು ನಿಮ್ಮ ತಪ್ಪು ಅಂದ. ರೂಫಸ್ ಅವನ ಕಾಲರಿಗೆ ಕೈ ಹಾಕುವುದನ್ನು ಕ್ಯಾಲಿ ಅತ್ತೆ ತಡೆದರು.

ಆದರೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಈಗತಾನೇ ಆದದ್ದು. ನಿನಗಲ್ಲದೆ ಯಾರಿಗೆ ಹೇಳಲಿ?

ನಮ್ಮ ಕಟ್ಟಡದಲ್ಲೇ ಎದುರು ಬಾಗಿಲಿನ ವರ್ಡೆಲ್‌ಳನ್ನು ನೋಡಿದ್ದೀಯಲ್ಲ, ನಮ್ಮ ಪಕ್ಕದ ಕೌಂಟಿಯವಳು, ನಿನಗೆ ಸಿಹಿಗೆಣಸಿನ ಕಡುಬು ತಂದು ಕೊಟ್ಟಿದ್ದವಳು. ಮಧ್ಯಾಹ್ನ ಬಟ್ಟೆ ಒಣಗಿಸಲು ಹೊರಟವಳು ಅವಳ ಮನೆ ಬಾಗಿಲಲ್ಲಿ ಸಿಕ್ಕಳು. ಸೊಂಟದ ಮೇಲೆ ಅವಳ ಮಗಳು ಶರೀಸ್, ಎರಡು ವರ್ಷ ತುಂಬಿಲ್ಲ. ಮಗು ನನ್ನ ನೋಡಿ ಬಾಯಿ ತೆರೆದು ನಕ್ಕಿತು. ಒಸಡಿನ ಮೇಲೆ ಬಿಳಿ.

"ವರ್ಡೆಲ್, ಬಾಯಲ್ಲಿ ಏನದು?"

"ಅದಾ? ನಮ್ಮಮ್ಮ ಹಬ್ಬಕ್ಕೆ ಕಳಿಸಿದ ಮಣ್ಣು. ಚೀಲ ಎಲ್ಲಿ ಬಚ್ಚಿಟ್ರೂ ಕಂಡುಹಿಡೀತಾಳೆ ಕಳ್ಳಿ!"

"ನೀನು ಕೈಯಾರೆ ಕೊಟ್ಟೆಯಾ ಇವತ್ತು?"

"ಇಲ್ಲಪ್ಪ." ಅವಳ ಮುಖ ಬಿಗಿಯಾಯಿತು. "ನೋಡಮ್ಮ ಅರ್ನೆಟಾ, ನಿನ್ನ ಮಗಳಿಗೆ ಆಗಿದ್ದಕ್ಕೆ ನಂಗೂ ಸಂಕಟ ಆಗಿದೆ. ಹಾಗಂತ ನಮ್ಮ ಮನೆಗೆ ಬಂದು ಪಾಠ ಮಾಡಬೇಡ. ಕಾಲೇಜು ಕಂಡವರಿಗೆ ಊರಿನ ಮಣ್ಣು ಹೇಸಿಗೆ, ಗೊತ್ತು ನಂಗೆ."

ಅವಳನ್ನು ದಾಟಿಕೊಂಡು ಒಳಗೆ ನುಗ್ಗಿದೆ. "ಏಯ್, ಏನ್ ಮಾಡ್ತಿದೀಯ!" ಅಂತ ಹಿಂದೆಯೇ ಬಂದಳು. ನಮ್ಮ ಮನೆಯದೇ ನಕ್ಷೆ, ಎಡಗಡೆಗೆ ಮುಂದಿನ ಕೋಣೆ. ಅಲ್ಲಿ ಅವಳೇ ಹೊಲಿದ ಹಳದಿ ಹೂವಿನ ಪರದೆ, ಅದರ ಕೆಳಗೆ ಮಗುವಿನ ಮರದ ಸ್ಟೂಲು. ಪರದೆ ಎತ್ತಿದೆ.

ವರ್ಡೆಲ್ ನನ್ನ ತೋಳು ಹಿಡಿದು ಎಳೆಯುತ್ತಿದ್ದವಳು ಎಳೆಯುವುದನ್ನು ನಿಲ್ಲಿಸಿದಳು. ಬಗ್ಗಿದಳು. ಹಲಗೆಯ ಅಂಚಿನ ಮೇಲೆ ಬೆರಳು ಆಡಿಸಿದಳು, ಒಂದೊಂದೇ ಕಚ್ಚಿನ ಮೇಲೆ, ಕುರುಡರು ಓದುವ ಹಾಗೆ. ಶರೀಸ್ ಸೊಂಟದಿಂದ ಜಾರಿ ಇಳಿದು, ಆಟ ಅಂದುಕೊಂಡು, ಸ್ಟೂಲು ಹತ್ತಿ, ನಮ್ಮಿಬ್ಬರ ಎದುರಿಗೇ ಬಾಯಿ ಹಲಗೆಗೆ ಒಡ್ಡಿದಳು.

ವರ್ಡೆಲ್‌ಳ ಬಾಯಿಂದ ಬಂದ ಸದ್ದು ಮನುಷ್ಯರದ್ದಲ್ಲ.

ಈಗ ರೂಫಸ್ ಅವರಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ಕ್ಯಾಲಿ ಅತ್ತೆ ಜೋನೆಲ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ, ಕೆಳಗೆ ಇಳಿಯಲು ಬಿಡುತ್ತಿಲ್ಲ. ಈ ಕಟ್ಟಡದಲ್ಲಿರುವವರು ಯಾರು ಯಾರು ಎಂದು ನಾನು ಈಗ ಯೋಚಿಸುತ್ತಿದ್ದೇನೆ. ಒಬ್ಬರು ಬಂದು ಮನೆ ಹಿಡಿದರು, ಅವರು ತಮ್ಮೂರಿನವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ಕೆಳಗಿನಿಂದ ಮೇಲಿನವರೆಗೂ ಎಲ್ಲರೂ ನಮ್ಮ ಕಡೆಯವರೇ, ಅಮ್ಮ. ಎಲ್ಲರ ಮನೆಯಲ್ಲೂ ಒಂದು ಕಂದು ಚೀಲ ಇದೆ. ಬಿಳಿ ಬಾಯಿ ನೋಡಿ ನಗದವರು ಒಬ್ಬರೂ ಇಲ್ಲ.

ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ. ಮೇಲೆ ಇನ್ನೂ ಎರಡು ಮಹಡಿಯ ಬಾಗಿಲು ತಟ್ಟಬೇಕು.

ಅರ್ನೆಟಾ